ಬೋರರ್ ಬಿದ್ದ ಗೂಢಚಾರ

ನನ್ನ ಮಾತು ನಂಬಿ ಬರದ ಬಸ್ಸಿಗೆ ಕಾದು ನಿಂತವರು ಮೂಡಿಗೆರೆ ತಾಲ್ಲೂಕಿನಲ್ಲಿ ಇನ್ನೂ ಇದ್ದಾರೆ. ನಾನು ಹೇಳಿದೆನೆಂದು ಯಾರದೋ ತಿಥಿ ಊಟಕ್ಕೆ ಹೋಗಿ, ಸತ್ತವರೇ ಬಂದು ಬಾಗಿಲು ತೆಗೆದಾಗ ಚಪ್ಪಲಿ ಬಿಟ್ಟು ಓಡಿದವರೂ ಇದ್ದಾರೆ. ಗಡ್ಡ ಬೆಳ್ಳಗಾದ ಮೇಲೂ ನಾನು ಮದುವೆಮನೆಗೆ ಹೋದರೆ ಹೆಂಗಸರು "ಇವ್ರು ಹೇಳಿದ್ದು ಎಂತದನ್ನೂ ನಂಬಬೇಡಿ" ಎಂದು ಮೊದಲೇ ಸಾರುತ್ತಾರೆ, ಆಮೇಲೆ ಕುರ್ಚಿ ಎಳೆದುಕೊಂಡು ಹತ್ತಿರ ಕೂರುತ್ತಾರೆ. ಇದೇನು ಸಣ್ಣ ಸಾಧನೆಯಲ್ಲ. ಇಂಥ ನನ್ನಿಂದ ಒಂದು ಸಲವೂ ಮೋಸಹೋಗದ ಒಂದೇ ಒಂದು ಜೀವ ನಮ್ಮ ಮನೆಯಲ್ಲೇ ಇತ್ತು. ಅದು ಅಪ್ಪನ ತಂಗಿ, ನನ್ನ ಸುಮಿತ್ರತ್ತೆ. ನನ್ನ ವಿದ್ಯೆಯನ್ನೆಲ್ಲ ನಾನು ಕಲಿತದ್ದು ಅವಳನ್ನು ಏಮಾರಿಸಲು ಹೋಗಿ ಸೋತು ಸೋತು. ಆ ಪಾಠಕ್ಕೆ ಕರಿಹಲಗೆಯಾಗಿದ್ದದ್ದು ಮುಂದಿನ ಕೋಣೆಯ ಟೀವಿ.

ಅಪ್ಪ ಗೋಣಿಬೀಡಿನ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ಆಳುಗಳ ಹಾಜರಿ, ಕೆಲಸದ ಉಸ್ತುವಾರಿ ಎಲ್ಲ ಅವರದು. ನಮಗೆ ಕೊಟ್ಟಿದ್ದ ಕ್ವಾರ್ಟರ್ಸಿನಲ್ಲಿ ಮುಂದಿನ ಕೋಣೆ ಒಂದೇ ದೊಡ್ಡದು. ಅದರ ಅರ್ಧದಲ್ಲಿ ನಮ್ಮ ಸಂಸಾರ, ಇನ್ನರ್ಧದಲ್ಲಿ ಎಸ್ಟೇಟಿನ ಖಾಲಿ ಗೋಣಿಚೀಲ, ಕತ್ತರಿ, ಔಷಧಿ ಹೊಡೆಯುವ ಪಂಪು. ಈ ಎರಡು ರಾಜ್ಯಗಳ ಗಡಿಯಲ್ಲಿ, ಒಂದು ತಗಡಿನ ಟ್ರಂಕಿನ ಮೇಲೆ, ಎಳೆದು ಮುಚ್ಚುವ ಬಾಗಿಲಿದ್ದ ಕಪ್ಪು ಬಿಳುಪು ಟೀವಿ ಕೂತಿತ್ತು. ಅಮ್ಮ ಅದಕ್ಕೆ ಕ್ರೋಶಾ ಹಾಕಿದ ಬಟ್ಟೆ ಹೊದಿಸಿದ್ದಳು, ಅಜ್ಜಿ ಅದರ ಹಣೆಗೆ ಕುಂಕುಮ ಇಟ್ಟಿದ್ದಳು. ಅಪ್ಪನಿಗೆ ಬೆತ್ತದ ಕುರ್ಚಿ. ಅಜ್ಜಿಗೆ ಚಾಪೆ ಮತ್ತು ಎಲೆಅಡಿಕೆ ಡಬ್ಬ. ಅಮ್ಮ ಅಡುಗೆಮನೆಯ ಹೊಸಿಲ ಮೇಲೆ, ಒಂದು ಕಣ್ಣು ಒಲೆಯಲ್ಲಿ, ಒಂದು ಕಣ್ಣು ಟೀವಿಯಲ್ಲಿ ಇಟ್ಟು ಕೂರುತ್ತಿದ್ದಳು. ಅತ್ತೆಯ ಜಾಗ ಕಿಟಕಿಯ ಕಟ್ಟೆ. ಅವಳ ಕೈಯಲ್ಲಿ ಯಾವಾಗಲೂ ಯಾರದಾದರೂ ರವಿಕೆಗೆ ಹುಕ್ಕು ಹಾಕುವ ಕೆಲಸ ಇರುತ್ತಿತ್ತು. ನನ್ನ ಜಾಗ ಸಿಲ್ವರ್ ಓಕ್ ಮರದ ಮೇಲೆ, ಆಂಟೆನಾ ಹಿಡಿದುಕೊಂಡು. ಚಿತ್ರ ಸರಿಯಾಗಿದೆ ಎಂದು ಒಳಗಿನಿಂದ ಕೂಗು ಬಂದ ಮೇಲೆ ಇಳಿದು ಓಡಿಬರುತ್ತಿದ್ದೆ. ಮನಸ್ಸು ಬಂದ ದಿನ ಇಳಿಯುವ ಮೊದಲು ಅದನ್ನೊಂದು ಸಣ್ಣ ತಿರುವು ತಿರುಗಿಸಿ, ಒಳಗೆ ಅಪ್ಪ ಟೀವಿಯ ತಲೆಗೆ ಬಡಿಯುವ ಸದ್ದು ಕೇಳಿ ನಗುತ್ತಿದ್ದೆ.

ಭಾನುವಾರ ಬೆಳಿಗ್ಗೆ ಒಂದು ಹಿಂದಿ ಧಾರಾವಾಹಿ ಬರುತ್ತಿತ್ತು. ಅದರಲ್ಲೊಬ್ಬ ಗೂಢಚಾರ. ಅವನ ಹೆಸರು ನಮ್ಮ ಬಾಯಿಗೆ ಹೊರಳುತ್ತಿರಲಿಲ್ಲವಾದ್ದರಿಂದ ನಾವು ಅವನನ್ನು ಕೋಟಿನವ ಎನ್ನುತ್ತಿದ್ದೆವು. ಮನೆಯಲ್ಲಿ ಹಿಂದಿ ಬರುತ್ತಿದ್ದದ್ದು ಅತ್ತೆಗೆ ಮಾತ್ರ. ಮನೆಯಲ್ಲೇ ಓದಿಕೊಂಡು ಹಿಂದಿಯ ಪರೀಕ್ಷೆಗಳನ್ನೆಲ್ಲ ಕಟ್ಟಿ ಮುಗಿಸಿದ್ದಳು. ಹೀಗಾಗಿ ಕೋಟಿನವನ ಮಾತು ನಮಗೆ ತಲುಪುತ್ತಿದ್ದದ್ದು ಅವಳ ಬಾಯಿಂದ. ಒಂದು ಸಾಲು ಅವನದು, ಅದರ ಹಿಂದೆಯೇ ಒಂದು ಸಾಲು ಅವಳದು. ಮೊದಲನೆಯದರಲ್ಲಿ ಕಥೆ ಇರುತ್ತಿತ್ತು, ಎರಡನೆಯದರಲ್ಲಿ ಆ ಕಥೆಯ ಸೊಂಟ ಮುರಿಯುತ್ತಿತ್ತು. ಮೊದಲ ಸಲ ಹೀಗಾದ ದಿನ ಕೋಟಿನವ ಗುಂಡೇಟು ತಪ್ಪಿಸಿಕೊಂಡು ಸೇತುವೆಯಿಂದ ನದಿಗೆ ಹಾರಿದ್ದ. ಮುಂದಿನ ದೃಶ್ಯದಲ್ಲಿ ಯಾವುದೋ ಕೋಣೆಯಲ್ಲಿ ನಿಂತು ಜೇಬಿನಿಂದ ಶತ್ರುಗಳ ನಕ್ಷೆ ತೆಗೆದು ಮೇಜಿನ ಮೇಲೆ ಹರಡಿದ. ಅತ್ತೆ ಸೂಜಿಯಿಂದ ಕಣ್ಣೆತ್ತಲಿಲ್ಲ.

"ಅಣ್ಣ, ಈ ಕಥೆಗೆ ಬೋರರ್ ಬಿದ್ದಿದೆ."

"ಎಂತ ಬೋರರ್?" ಅಪ್ಪ ಕೇಳಿದರು.

"ಈಗಷ್ಟೇ ನದಿಗೆ ಹಾರಿದ್ನಲ್ಲ. ನಕ್ಷೆ ಹೆಂಗೆ ಒಣಗಿದೆ?"

"ಪ್ಲಾಸ್ಟಿಕ್ ಕವರಲ್ಲಿ ಇಟ್ಕೊಂಡಿರ್ತಾನೆ ಮಾರಾಯ್ತಿ. ಎಲ್ಲಾ ತೋರಿಸ್ಲಿಕ್ಕೆ ಆಗ್ತದ? ಸರ್ಕಾರದವ್ರ ಟೀವಿ ಅದು. ಗೊತ್ತಿಲ್ದೆ ಹಾಕ್ತಾರ?"

"ಸರಿ, ಕವರಲ್ಲೇ ಇತ್ತು ಅನ್ನು. ಟೈ?"

ಅಪ್ಪ ಟೈ ನೋಡಿದರು. ನಾವೆಲ್ಲರೂ ನೋಡಿದೆವು. ಇಸ್ತ್ರಿ ಮಾಡಿದ ಟೈ ಅವನ ಎದೆಯ ಮೇಲೆ ಗರಿಗರಿಯಾಗಿ ಮಲಗಿತ್ತು.

ಬೋರರ್ ಎಂದರೆ ಅರೇಬಿಕಾ ಕಾಫಿಯ ಕಾಂಡ ಕೊರೆಯುವ ಹುಳು. ಅದು ಹೊಕ್ಕ ಗಿಡ ಮೇಲಿಂದ ನೋಡಿದರೆ ಹಸಿರಾಗೇ ಇರುತ್ತದೆ, ಕಾಂಡದ ಸುತ್ತ ಬಳೆ ತೊಡಿಸಿದ ಹಾಗೆ ಒಂದು ಸಣ್ಣ ಉಬ್ಬು ಮಾತ್ರ ಏಳುತ್ತದೆ. ಆ ಉಬ್ಬು ಕೈಗೆ ಸಿಕ್ಕಿತೆಂದರೆ ಒಳಗೆ ಪೊಳ್ಳು ಎಂದೇ ಲೆಕ್ಕ. ಆಳುಗಳು ಸಾಲಾಗಿ ನಿಂತು ಗಿಡಗಿಡವನ್ನೂ ತಡವಿ ಅಂಥದ್ದನ್ನು ಹುಡುಕಿ ಕಿತ್ತು ಸುಡಬೇಕು, ಇಲ್ಲದಿದ್ದರೆ ಪಕ್ಕದ ಗಿಡವೂ ಹೋಗುತ್ತದೆ. ಅಪ್ಪ ಆ ಕೆಲಸವನ್ನು ತೋಟದಲ್ಲಿ ಮಾಡಿಸುತ್ತಿದ್ದರು, ಅತ್ತೆ ಕಿಟಕಿಯ ಕಟ್ಟೆಯ ಮೇಲೆ ಕೂತು ಮಾಡುತ್ತಿದ್ದಳು. ಆ ದಿನದಿಂದ ನಮ್ಮ ಮನೆಯಲ್ಲಿ ಕಥೆಯ ತಪ್ಪಿಗೆ ಬೋರರ್ ಎಂದೇ ಹೆಸರಾಯಿತು. ಎಡಗೈಗೆ ಗುಂಡು ಬಿದ್ದಿದ್ದ ಕೋಟಿನವ ಮುಂದಿನ ವಾರ ಬಲಗೈಗೆ ಪಟ್ಟಿ ಕಟ್ಟಿಸಿಕೊಂಡು ಬಂದಾಗ ನಾನು ಅಂಗಳದವರೆಗೆ ಓಡಿ ಬೋರರ್, ಬೋರರ್ ಎಂದು ಕೂಗಿದ್ದೆ. ಕಾಡಿನ ನಡುವೆ ಒಂದು ಗುಡಿಸಲಿನಿಂದ ಅವನು ದೆಹಲಿಗೆ ಫೋನು ಮಾಡಿ ತಕ್ಷಣ ಮಾತಾಡಿದಾಗ, ಚಿಕ್ಕಮಗಳೂರಿಗೆ ಟ್ರಂಕ್ ಕಾಲ್ ಬುಕ್ ಮಾಡಿ ಪೋಸ್ಟಾಫೀಸಿನ ಬೆಂಚಿನ ಮೇಲೆ ಅರ್ಧ ದಿನ ಕೂತು ಬಂದಿದ್ದ ಅಪ್ಪನೂ ಬೋರರ್ ಎಂದು ಒಪ್ಪಿಕೊಂಡರು. ಶತ್ರುಗಳ ಮುಖ್ಯಸ್ಥ ಕೋಟಿನವನನ್ನು ಕಂಬಕ್ಕೆ ಕಟ್ಟಿ, ತಾನು ಮುಂದೆ ಮಾಡಲಿರುವುದನ್ನೆಲ್ಲ ಬಿಡಿಸಿ ಹೇಳಿದ ದಿನವಂತೂ ನನಗೆ ಮರೆಯುವುದಿಲ್ಲ.

"ಇವ್ನು ಇದನ್ನೆಲ್ಲ ಅವನಿಗೆ ಹೇಳ್ತಿಲ್ಲ. ನಮಗೆ ಹೇಳ್ತಿದ್ದಾನೆ," ಎಂದಳು ಅತ್ತೆ.

ಟೀವಿಯೊಳಗಿನವನು ನಮ್ಮ ಕೋಣೆಯತ್ತ ಓರೆಗಣ್ಣಿನಿಂದ ನೋಡುತ್ತಿದ್ದಾನೆಂದು, ಎಲ್ಲ ಕಥೆಯೊಳಗೂ ಕೇಳುವವನನ್ನು ಹೀಗೆ ನೋಡುವ ಒಂದು ಕಣ್ಣು ಇರುತ್ತದೆಂದು, ನನಗೆ ಆ ಕ್ಷಣ ಹೊಳೆಯಿತು. ಮುಂದೆ ನಾನು ಕಟ್ಟಿದ ಸುಳ್ಳುಗಳೆಲ್ಲ ಆ ಒಂದು ವಾಕ್ಯದ ಮಕ್ಕಳು. ಅಜ್ಜಿಯ ತಕರಾರು ಬೇರೆಯೇ ಇತ್ತು.

"ಅದೆಲ್ಲ ಇರ್ಲಿ. ಈ ಹುಡುಗ ಶುರುವಾದಾಗಿಂದ ಒಂದು ತುತ್ತು ಉಂಡಿದ್ದು ನಾ ಕಾಣೆ. ಕಾಫಿ ಲೋಟ ಕೈಗೆ ತಗೊಳ್ತಾನೆ, ಅಷ್ಟೊತ್ತಿಗೆ ಫೋನ್ ಬರ್ತದೆ."

ಜಗಳವೂ ಆಗುತ್ತಿತ್ತು. ಒಂದು ಭಾನುವಾರ ಅಪ್ಪ ಸಿಟ್ಟಿನಿಂದ ಎದ್ದು ಟೀವಿಯ ಬಾಗಿಲು ಎಳೆದುಬಿಟ್ಟರು. "ಒಂದು ಕಥೆ ನೋಡಿ ಸಂತೋಷಪಡೋಕೆ ಬಿಡಲ್ಲ ಇವಳು" ಎಂದು ತೋಟದ ಕಡೆ ನಡೆದರು. ಸ್ವಲ್ಪ ಹೊತ್ತಿಗೆ ಹಿಂದಿನ ಬಾಗಿಲಿನಿಂದ ಬಂದು, ಅತ್ತೆಯ ಹತ್ತಿರ ನಿಂತು, "ಆಮೇಲೆ ಅವನು ಜೈಲಿಂದ ಹೆಂಗೆ ತಪ್ಪಿಸ್ಕೊಂಡ?" ಎಂದು ಮೆಲ್ಲಗೆ ಕೇಳಿದರು. ನೋಡದೆ ಹೋದ ಭಾಗವನ್ನು ಅತ್ತೆ ಅಲ್ಲೇ ಕಟ್ಟಿ ಹೇಳಿದಳು. ಧಾರಾವಾಹಿ ಬರೆದವರಿಗಿಂತ ಚೆನ್ನಾಗಿ ಹೇಳಿದಳು. ನನ್ನ ಗತಿಯೂ ಅವಳ ಕೈಯಲ್ಲಿ ಕೋಟಿನವನದ್ದೇ ಆಗಿತ್ತು. ಶಾಲೆ ತಪ್ಪಿಸಿ ಹಳ್ಳದಲ್ಲಿ ಈಜಿ ಬಂದು, ಬಸ್ಸಿನ ಟೈರು ಪಂಕ್ಚರ್ ಆಗಿ ರಸ್ತೆಯಲ್ಲೇ ನಿಂತಿದ್ದೆವು ಎಂದೆ ಒಮ್ಮೆ. ಅಮ್ಮ ಅಯ್ಯೋ ಪಾಪ ಎಂದಳು. ಅತ್ತೆ ನನ್ನ ಕಾಲು ನೋಡಿದಳು.

"ರಸ್ತೇಲಿ ಅಷ್ಟೊತ್ತು ನಿಂತವನ ಕಾಲಲ್ಲಿ ಧೂಳೇ ಇಲ್ವಲ್ಲೋ ಕಪಿ. ತೊಳೆದಿಟ್ಟ ಹಂಗಿದೆ. ಮುಂದಿನ ಸಲ ಸುಳ್ಳು ಹೇಳೋಕೆ ಮೊದ್ಲು ನೀನೇ ಒಂದ್ಸಲ ತಡವಿ ನೋಡು."

ಈ ಕಣ್ಣು ಅವಳಿಗೆ ತೊಂದರೆಯನ್ನೂ ತಂದಿತ್ತು. ಅತ್ತೆಯ ಓರಗೆಯವರ ಮಕ್ಕಳು ಶಾಲೆಗೆ ಹೋಗುತ್ತಿದ್ದ ಕಾಲ ಅದು. ಅವಳನ್ನು ನೋಡಲು ಗಂಡುಗಳು ಬರುತ್ತಿದ್ದರು, ಕೂರುತ್ತಿದ್ದರು, ತಮ್ಮ ಪ್ರತಾಪ ಹೇಳಿಕೊಳ್ಳುತ್ತಿದ್ದರು, ಹೋಗುತ್ತಿದ್ದರು. ವಸ್ತಾರೆಯ ಕಡೆಯಿಂದ ಬಂದಿದ್ದವನೊಬ್ಬ, ಚಾರ್ಮಾಡಿ ಘಾಟಿಯಲ್ಲಿ ಬ್ರೇಕ್ ಫೇಲಾದ ಜೀಪನ್ನು ಎದೆಗುಂದದೆ ಕೊಟ್ಟಿಗೆಹಾರಕ್ಕೆ ತಂದು ನಿಲ್ಲಿಸಿದ್ದನ್ನು ಕೈ ತಿರುವಿ ತಿರುವಿ ವರ್ಣಿಸಿದ. ಕೊಟ್ಟಿಗೆಹಾರ ಘಾಟಿಯ ನೆತ್ತಿಯ ಮೇಲಿದೆ ಎಂಬುದು ನಮಗೆಲ್ಲ ಗೊತ್ತು, ಆದರೆ ಕಥೆ ಕೇಳುವ ಭರದಲ್ಲಿ ಯಾರಿಗೂ ನೆನಪಾಗಲಿಲ್ಲ.

"ಅದು ಏರು ದಾರಿ ಅಲ್ವಾ? ಬ್ರೇಕ್ ಎಂತಕ್ಕೆ ಬೇಕಿತ್ತು?" ಎಂದು ಅತ್ತೆ ಕೇಳಿದಳು. ಕೆಣಕುವ ದನಿಯಲ್ಲ ಅದು, ನಿಜವಾಗಿ ತಿಳಿದುಕೊಳ್ಳುವ ದನಿ. ಅದೇ ಇನ್ನೂ ಕೆಟ್ಟದ್ದು. ಗಂಡಿನ ಕಡೆಯವರು ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದರು. ರೈಟರ ತಂಗಿಯ ಎದುರು ಕೂತರೆ ಗಂಡಸು ಬೆವರುತ್ತಾನೆ ಎಂದು ಗೋಣಿಬೀಡಿನ ಅಂಗಡಿಗಳಲ್ಲಿ ಮಾತಾಯಿತು. ಅಜ್ಜಿ ಅಂಗಡಿಗೆ ಹೋಗುವುದನ್ನೇ ಬಿಟ್ಟಳು.

ಹೀಗಿರುವಾಗ ಕಳಸದ ಕಡೆಯಿಂದ ಒಂದು ಸಂಬಂಧ ಬಂತು. ಹುಡುಗನ ಹೆಸರು ಪೂರ್ಣೇಶ. ಸಣ್ಣ ತೋಟ, ಮನೆಯಲ್ಲಿ ತಾಯಿ ಮಗ ಇಬ್ಬರೇ. ಭಾನುವಾರ ಬರುತ್ತೇವೆಂದು ಹೇಳಿ ಕಳಿಸಿದ್ದರು. ಹಿಂದಿನ ಸಂಜೆ ಅಜ್ಜಿ ಅತ್ತೆಯನ್ನು ಒಲೆಯ ಮುಂದೆ ಕೂರಿಸಿಕೊಂಡಳು. ನಾನು ಅಲ್ಲೇ ಹಲಸಿನ ಬೀಜ ಸುಡುತ್ತಿದ್ದೆ.

"ಸುಮಿ, ನಾಳೆ ಒಂದು ಬೆಳಿಗ್ಗೆ ಮಟ್ಟಿಗೆ. ಬೋರರ್ ಅನ್ನೋ ಮಾತು ನಿನ್ನ ಬಾಯಲ್ಲಿ ಬರಬಾರದು."

"ಸರಿ ಅಮ್ಮ."

"ಅವ್ರು ಎಂತ ಹೇಳಿದ್ರೂ?"

"ಎಂತ ಹೇಳಿದ್ರೂ."

"ಇದೂ ತಪ್ಪಿಹೋದ್ರೆ ನಾನು ಇನ್ಯಾರ ಹತ್ರನೂ ಹೋಗಿ ಕೇಳೋಳಲ್ಲ. ನಂಗೆ ಸಾಕಾಗಿದೆ ಮಗಾ."

ಅತ್ತೆ ಅಜ್ಜಿಯ ಕೈ ಹಿಡಿದುಕೊಂಡು ಇನ್ನೊಮ್ಮೆ ಸರಿ ಎಂದಳು. ಮರುದಿನ ಬೆಳಿಗ್ಗೆ ಮನೆ ಮನೆಯಾಗಿರಲಿಲ್ಲ. ಅಪ್ಪ ಗಡಿಯಾರ ಮುಂದಿದೆ ಎಂದರು, ಅತ್ತೆ ಹೌದು ಎಂದಳು. ನಾನು ಬೇಕೆಂದೇ, ಬಾವಿಯಲ್ಲಿ ಮೊಸಳೆ ಮರಿ ಇದೆ ಎಂದೆ. ಇರಬಹುದು ಎಂದಳು. ಬಾವಿಯ ಮೊಸಳೆಯನ್ನು ನಂಬುವ ಸುಮಿತ್ರತ್ತೆಯನ್ನು ಇಟ್ಟುಕೊಂಡು ನಾನು ಏನು ಮಾಡಲಿ?

ಅವರು ಮೂಡಿಗೆರೆಯಲ್ಲಿ ಬಸ್ಸು ಬದಲಿಸಿ ಹೊತ್ತಿಗೆ ಸರಿಯಾಗಿ ಬಂದರು. ಹುಡುಗ ಎತ್ತರ, ಮಾತು ಕಮ್ಮಿ. ಚಪ್ಪಲಿ ಬಿಟ್ಟು ಒಳಗೆ ಬಂದವನು ಗೋಣಿಚೀಲಗಳ ರಾಜ್ಯವನ್ನು ಆಸಕ್ತಿಯಿಂದ ನೋಡಿದ. ತಾಯಿ ಅದಕ್ಕೆ ಸರಿಯಾಗಿ ಮಾತುಗಾತಿ. ಅತ್ತೆ ಕಾಫಿ ಕೊಟ್ಟು ತಲೆತಗ್ಗಿಸಿ ಕಿಟಕಿಯ ಕಟ್ಟೆಗೆ ಒರಗಿದಳು. ಟೀವಿಗೆ ಅಜ್ಜಿ ಬೆಳಿಗ್ಗೆಯೇ ಒಂದು ಹಳೆಯ ಸೀರೆ ಹೊದಿಸಿ ಮುಚ್ಚಿದ್ದಳು. ಆ ತಾಯಿಯ ಕಣ್ಣು ಅಲ್ಲಿಗೇ ಹೋಯಿತು.

"ನಿಮ್ಮ ಟೀವಿಗೆ ಹುಷಾರಿಲ್ವಾ? ಹೊದ್ಕೊಂಡು ಮಲಗಿದೆ."

"ಭಾನುವಾರ ನಾವು ಹಾಕಲ್ಲ," ಎಂದಳು ಅಜ್ಜಿ.

"ಅಯ್ಯೋ, ಇವತ್ತೇ ಅಲ್ವಾ ಅದು ಬರೋದು, ಆ ಕೋಟು ಹಾಕ್ಕೊಂಡು ಓಡ್ತಾನಲ್ಲ. ನಾವು ಒಂದು ವಾರನೂ ಬಿಟ್ಟಿಲ್ಲ. ಹಿಂದಿ ನಂಗೂ ಬರಲ್ಲ, ಇವನಿಗೂ ಬರಲ್ಲ. ಗುಂಡು ಹಾರಿದ್ರೆ ಯಾರೋ ಸತ್ರು ಅಂತ ಗೊತ್ತಾಗ್ತದೆ, ಯಾಕೆ ಸತ್ರು ಅಂತ ಇವತ್ತಿಗೂ ಗೊತ್ತಿಲ್ಲ."

"ನಮ್ಮತ್ತೆಗೆ ಬರ್ತದೆ," ಎಂದೆ ನಾನು. ಅಜ್ಜಿಯ ಕೈ ನನ್ನ ತೊಡೆಯನ್ನು ಜಿಗುಟಲು ಹೊರಡುವ ಮೊದಲೇ ಎದ್ದು ಸೀರೆ ಎಳೆದು ಟೀವಿ ಹಾಕಿಬಿಟ್ಟೆ. ನನ್ನ ಬಾಳಿನ ಅತ್ಯುತ್ತಮ ಕಿತಾಪತಿ ಯಾವುದೆಂದು ಕೇಳಿದವರಿಗೆ ನಾನು ಇದನ್ನೇ ಹೇಳುವುದು. ಕೈಗೆ ಸಿಕ್ಕಿದ್ದು ಒಂದು ಸ್ವಿಚ್ಚು, ಅಷ್ಟೇ.

ಅತ್ತೆ ಹೇಳತೊಡಗಿದಳು. ರೇಡಿಯೋದಲ್ಲಿ ವಾರ್ತೆ ಓದುವವರಂತೆ, ಅವನ ಸಾಲು ಮಾತ್ರ, ತನ್ನದು ಒಂದಕ್ಷರವೂ ಇಲ್ಲ. ಕೋಟಿನವ ಬೀಗ ಹಾಕಿದ ಕೋಣೆಯೊಳಗೆ ಬೀಗ ಮುಟ್ಟದೆ ಬಂದ. ಅತ್ತೆ ಮುಂದಿನ ಸಾಲಿಗೆ ಹೋದಳು. ಮೀಸೆ ಅಂಟಿಸಿಕೊಂಡ ಕೂಡಲೇ ಅವನ ಹೆಂಡತಿಗೇ ಅವನ ಗುರುತು ಸಿಗಲಿಲ್ಲ. ಅತ್ತೆ ಅದನ್ನೂ ದಾಟಿ ಮುಂದಿನ ಸಾಲಿಗೆ ಹೋದಳು. ಅಪ್ಪ ಕುರ್ಚಿಯ ಕೈ ಹಿಡಿದುಕೊಂಡಿದ್ದರು. ಅಷ್ಟರಲ್ಲಿ ಕೋಟಿನವ ಶತ್ರುಗಳಿಂದ ತಪ್ಪಿಸಿಕೊಂಡು ಒಂದು ಕಾಫಿ ತೋಟದೊಳಗೆ ನುಗ್ಗಿದ. ನಮ್ಮಂಥದೇ ತೋಟ, ಟೀವಿಯಲ್ಲಿ. ಅಮ್ಮ ಸೌಟು ಹಿಡಿದುಕೊಂಡೇ ಒಳಗೆ ಬಂದಳು. ಅಲ್ಲಿ ಗಿಡದ ತುಂಬ ಬೆಳ್ಳಗೆ ಹೂವು. ಅದೇ ಗಿಡದಲ್ಲಿ ಹಣ್ಣು. ಹೆಂಗಸರು ಸೊಂಟಕ್ಕೆ ಬುಟ್ಟಿ ಕಟ್ಟಿಕೊಂಡು ಹಾಡುತ್ತಾ ಹಣ್ಣು ಕುಯ್ಯುತ್ತಿದ್ದರು, ಕೋಟಿನವ ತಲೆಗೆ ಒಂದು ವಸ್ತ್ರ ಸುತ್ತಿ ಅವರ ನಡುವೆ ಸೇರಿಕೊಂಡ.

ನಮ್ಮ ಕಡೆಯ ಪುಟ್ಟ ಮಗುವಿಗೂ ಗೊತ್ತು, ಕುಯ್ಲು ಮುಗಿದು, ಬೇಸಿಗೆಯ ಹೂಮಳೆ ಬಿದ್ದ ಮೇಲೆ ಹೂವು ಬರುತ್ತದೆ. ನಾನು ಅತ್ತೆಯ ಕುತ್ತಿಗೆ ನೋಡುತ್ತಿದ್ದೆ. ಮಾತು ಅಲ್ಲಿಯವರೆಗೆ ಬಂದು ನಿಂತದ್ದು ಕಾಣುತ್ತಿತ್ತು.

"ಅತ್ತೆ, ಹೂವೂ ಹಣ್ಣೂ ಒಟ್ಟಿಗೆ ಇರ್ತಾವಾ?" ಎಂದೆ.

ಅಜ್ಜಿಯ ಬಾಯಲ್ಲಿ ಎಲೆಅಡಿಕೆ ನಿಂತಿತು. ಅತ್ತೆ ನೆಲ ನೋಡಿದಳು.

"ನಂಗೊತ್ತಿಲ್ಲ."

ಆ ಮಾತನ್ನು ಅವಳ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಅಜ್ಜಿ ಗೆದ್ದಿದ್ದಳು, ಆದರೆ ಅವಳದು ಗೆದ್ದವರ ಮುಖವಾಗಿರಲಿಲ್ಲ. ಆಗ ಅಲ್ಲಿಯವರೆಗೆ ಹೂಂ, ಉಹೂಂ ಎರಡೇ ಆಡಿದ್ದ ಪೂರ್ಣೇಶ ಗಂಟಲು ಸರಿಮಾಡಿಕೊಂಡ.

"ಇರ್ತಾವೆ. ನಮ್ಮಲ್ಲಿ ಒಂದು ವರ್ಷ ಇತ್ತು. ರೋಬಸ್ಟಾ ಕುಯ್ಲು ತಡ ಆಗಿತ್ತು, ಮಳೆ ಬೇಗ ಬಂತು. ಹಣ್ಣು ಗಿಡದಲ್ಲಿರೋವಾಗ್ಲೇ ಹೂವು ಬಿಡ್ತು."

ಅತ್ತೆ ತಲೆಯೆತ್ತಿದಳು. ಅಜ್ಜಿ ಕೆಮ್ಮಿದಳು. ಅತ್ತೆ ಅಜ್ಜಿಯನ್ನು ನೋಡಿದಳು, ಟೀವಿಯನ್ನು ನೋಡಿದಳು, ಪೂರ್ಣೇಶನನ್ನು ನೋಡಿದಳು.

"ಇದು ರೋಬಸ್ಟಾ ಅಲ್ಲ," ಎಂದಳು. "ಎಲೆ ನೋಡಿ. ಸಣ್ಣ ಎಲೆ. ಅರೇಬಿಕಾ. ಇದ್ರ ಕುಯ್ಲು ಹೂಮಳೆಗೆ ಮೊದ್ಲೇ ಮುಗೀತದೆ."

"ಇಷ್ಟು ದೂರದಿಂದ ತೆಗ್ದಿದ್ದಾರೆ. ಎಲೆ ಸಣ್ಣಗೇ ಕಾಣ್ತದೆ."

"ಪಕ್ಕದಲ್ಲಿ ಆ ಹೆಂಗಸಿನ ಕೈ ಇದೆಯಲ್ಲ. ಕೈ ದೊಡ್ಡದು ಕಂಡು ಎಲೆ ಮಾತ್ರ ಸಣ್ಣ ಕಾಣ್ತದ? ಮತ್ತೆ ಹೂವು ಎಲ್ಲಿದೆ ನೋಡಿ."

ಪೂರ್ಣೇಶ ಎದ್ದು ಟೀವಿಯ ಮುಂದೆ ಕುಕ್ಕರುಗಾಲಲ್ಲಿ ಕೂತ. ಅತ್ತೆಯೂ ಕಟ್ಟೆಯಿಂದ ಇಳಿದು ಬಂದು ಪರದೆಗೆ ಬೆರಳಿಟ್ಟಳು. ಕಾಫಿ ಹೂವು ರೆಂಬೆಯ ಗೆಣ್ಣುಗೆಣ್ಣಿಗೆ ಗುಂಪಾಗಿ ಕೂರುತ್ತದೆ. ಇಲ್ಲಿ ಪ್ರತಿ ರೆಂಬೆಯ ತುದಿಗೂ ಒಂದೊಂದು ಗೊಂಚಲು ನೇತಾಡುತ್ತಿತ್ತು.

"ಕಟ್ಟಿದ್ದಾರೆ," ಎಂದ ಪೂರ್ಣೇಶ, ನಿಧಾನಕ್ಕೆ. "ದಾರದಲ್ಲಿ ಕಟ್ಟಿದ್ದಾರೆ."

"ಮಲ್ಲಿಗೆ ಇರ್ಬೇಕು. ಇಲ್ಲ ಕಾಗದ."

"ನಾನು ಇಡೀ ದಿನ ತೋಟದಲ್ಲಿರೋನು. ನಂಗೆ ಕಾಣ್ಲೇ ಇಲ್ಲ."

ಅವನ ದನಿಯಲ್ಲಿ ಅವಮಾನವಿರಲಿಲ್ಲ. ಮಳೆಗಾಲ ಕಳೆದು ಮೊದಲ ಸಲ ಬಿಸಿಲು ಕಂಡವನ ಹಾಗೆ ಬಾಯಿ ತೆರೆದಿದ್ದ. ಅತ್ತೆ ಅಷ್ಟಕ್ಕೇ ಬಿಡಲಿಲ್ಲ. ಬಿಡುವವಳೂ ಅಲ್ಲ. ಕೋಟಿನವನನ್ನು ತಡವಿ ಮುಗಿಸಿದ್ದಳು, ಈಗ ಪೂರ್ಣೇಶನೆಂಬ ಗಿಡದ ಸರದಿ.

"ನಿಮ್ಮ ತೋಟದಲ್ಲಿ ಆ ವರ್ಷ ಹೂವು ಉದುರದ ಹಾಗೆ ಹಣ್ಣು ಹೆಂಗೆ ಕುಯ್ಸಿದ್ರಿ?"

ನನ್ನ ಪ್ರಕಾರ ಪ್ರತಾಪ ಹೇಳಿಕೊಳ್ಳಲು ಇದಕ್ಕಿಂತ ಒಳ್ಳೆಯ ಜಾಗ ಸಿಗುವುದಿಲ್ಲ. ನಾನಾಗಿದ್ದರೆ ಹಣ್ಣನ್ನು ಚಿಮ್ಮಟದಿಂದ ಒಂದೊಂದಾಗಿ ತೆಗೆಸಿದೆ ಎನ್ನುತ್ತಿದ್ದೆ.

"ಕುಯ್ಸಲಿಲ್ಲ. ಕೈ ಹಾಕಿದ್ರೆ ಹೂವು ಹೋಗ್ತದೆ ಅಂತ ಬಿಟ್ಟೆ. ನಾಕು ದಿನ ಕಳೀಲಿ ಅಂತ. ಅಷ್ಟರಲ್ಲಿ ಮತ್ತೆ ಮಳೆ ಹಿಡ್ಕೊಂಡ್ತು. ಹಣ್ಣೆಲ್ಲ ನೆಲಕ್ಕೆ ಬಿತ್ತು. ಅಮ್ಮ ಕುಯ್ಸು ಅಂತ ಹೇಳಿದ್ಳು, ನಾನು ಕೇಳ್ಲಿಲ್ಲ."

"ಹೇಳಿದ್ದೆ," ಎಂದಳು ಆ ತಾಯಿ, ಪರದೆಯಿಂದ ಕಣ್ಣು ತೆಗೆಯದೆ.

ಅತ್ತೆ ಅವನ ಮುಖವನ್ನೇ ನೋಡಿದಳು. ಕಾಂಡದ ಸುತ್ತ ಬೆರಳಾಡಿಸುವಾಗ ಆಳುಗಳು ನೋಡುವ ನೋಟ ಅದು. ನಾನೂ ನನ್ನ ಮಟ್ಟಿಗೆ ಅವನ ಕಥೆಯನ್ನು ಮೇಲಿಂದ ಕೆಳಗೆ ತಡವಿದೆ. ಎಲ್ಲೂ ಏನೂ ಕೈಗೆ ಸಿಗಲಿಲ್ಲ. ತಾನು ಸೋತ ಕಥೆಯನ್ನು, ಹೆಣ್ಣು ನೋಡಲು ಬಂದ ಮನೆಯಲ್ಲಿ, ಕಾಫಿ ಲೋಟ ಕೈಯಲ್ಲಿ ಹಿಡಿದು ಹೇಳುವ ಗಂಡಸು ಇರುತ್ತಾನೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಹಾಗೆ ಹೇಳಿದ ಕಥೆಯ ಮುಂದೆ ನನ್ನ ಮೊಸಳೆ, ಪಂಕ್ಚರು, ಎಲ್ಲ ಸಣ್ಣಗೆ ಕಂಡವು. ಕೋಟಿನವ ಆಗ ಟೀವಿಯಲ್ಲಿ ಯಾರನ್ನೋ ಕೊಂದ. ಯಾರೂ ಯಾಕೆಂದು ಕೇಳಲಿಲ್ಲ.

ಅಜ್ಜಿ ಗಡಿಬಿಡಿಯಿಂದ ಎಲೆ ಹಾಕಿಸಿದಳು. ಕಡುಬು, ಕೋಳಿಸಾರು. ಊಟದ ಹೊತ್ತಿನಲ್ಲಿ ಅತ್ತೆ ಬಡಿಸುವವಳು, ಮಾತಿಗೆ ಎಡೆಯಿರಲಿಲ್ಲ. ಕೈ ತೊಳೆದು ಹೊರಟವರನ್ನು ಅಜ್ಜಿ ಜಗಲಿಯಲ್ಲಿ ತಡೆದು ಕೈ ಮುಗಿದಳು.

"ತಪ್ಪು ತಿಳ್ಕೋಬೇಡಿ. ಅವಳಿಗೆ ಬಾಯಿ ಸ್ವಲ್ಪ..."

"ಬಾಯಿ ಇರ್ಲಿ ಬಿಡಿ. ನಮ್ಮನೇಲಿ ಇವ್ನು ಮಾತೇ ಆಡಲ್ಲ. ಇವತ್ತು ಆಡಿದ್ದು ನೋಡಿ ನಂಗೇ ಆಶ್ಚರ್ಯ ಆಯ್ತು. ನಮ್ಮದೆಂತ ತಕರಾರಿಲ್ಲ. ನಿಮ್ಮ ಹುಡುಗಿನ ಕೇಳಿ."

ಅವರು ರಸ್ತೆ ತಲುಪುವಷ್ಟರಲ್ಲಿ ಮೂಡಿಗೆರೆ ಬಸ್ಸು ಬಂತು. ಅಜ್ಜಿ ಅತ್ತೆಯ ಕಡೆ ತಿರುಗಿ ಬಾಯಿ ತೆರೆದಳು, ಆದರೆ ಅತ್ತೆ ಅಲ್ಲಿರಲಿಲ್ಲ. ನೋಡಲು ಬಂದವರ ಹಿಂದೆ ಹುಡುಗಿ ಹೊಸಿಲು ದಾಟುವ ಪದ್ಧತಿ ನಮ್ಮಲ್ಲಿಲ್ಲ. ಅತ್ತೆ ಹೊಸಿಲು ದಾಟಿ, ಕಣ ದಾಟಿ, ಸೀರೆಯ ನೆರಿಗೆ ಎತ್ತಿ ಹಿಡಿದುಕೊಂಡು ಗೇಟಿನವರೆಗೆ ಓಡಿದ್ದಳು. ನಾನು ಅವಳ ಹಿಂದೆ ಓಡಿದೆ. ಬಸ್ಸು ಆಗಲೇ ಹೊರಟಿತ್ತು.

"ಆ ಹೂವು ಕಾಯಿ ಕಚ್ಚಿತಾ?" ಎಂದು ಕೂಗಿದಳು. "ಹಣ್ಣು ಹೋಯ್ತು ಅಂದ್ರಲ್ಲ. ಉಳಿಸಿದ ಹೂವು ಉಳೀತಾ?"

ಪೂರ್ಣೇಶ ಕಿಟಕಿಯಿಂದ ತಲೆ ಹೊರಹಾಕಿ ಏನೋ ಹೇಳಿದ. ಉದ್ದಕ್ಕೇ ಹೇಳಿದ. ಡ್ರೈವರು ಗೇರು ಬದಲಿಸಿದ, ಹಾರ್ನು ಹೊಡೆದ, ಬಸ್ಸು ತಿರುವಿನಲ್ಲಿ ಮರೆಯಾಯಿತು. ಅಜ್ಜಿ ಏದುಸಿರು ಬಿಡುತ್ತಾ ಗೇಟಿಗೆ ಬಂದಳು.

"ಎಂತ ಹೇಳಿದ ಅವ್ನು?"

ಅತ್ತೆ ಸೀರೆಯ ಅಂಚಿನ ಧೂಳು ಕೊಡವಿಕೊಂಡಳು.

"ಕೇಳಿಸ್ಲಿಲ್ಲ ಅಮ್ಮ. ಹೋಗಿ ಅಲ್ಲೇ ನೋಡ್ಕೋಬೇಕು."

ಅಜ್ಜಿಗೆ ಅರ್ಥವಾಗಲು ವಾಪಸು ಹೊಸಿಲು ಮುಟ್ಟುವವರೆಗಿನ ದಾರಿ ಬೇಕಾಯಿತು. ಅಲ್ಲಿ ಅವಳು ಬಾಗಿಲು ಹಿಡಿದುಕೊಂಡು ಅತ್ತದ್ದು ನನಗೆ ಗೇಟಿಗೇ ಕೇಳಿಸಿತು. ನನಗೆ ಕೂಡಲೇ ಅರ್ಥವಾಗಿತ್ತು. ನಾನು ಮೊದಲಿನಿಂದಲೂ ಚುರುಕು. ಟೀವಿ ಹಾಕಿದವನೂ ನಾನೇ, ಪ್ರಶ್ನೆ ಕೇಳಿದವನೂ ನಾನೇ, ಮದುವೆ ನನ್ನಿಂದಲೇ ಆಗುತ್ತಿದೆ ಎಂದು ಊರಿಗೆಲ್ಲ ಹೇಳಬಹುದಿತ್ತು, ಮುಂದೆ ಹೇಳಿಯೂ ಹೇಳಿದೆ. ಆದರೆ ಆ ಮಧ್ಯಾಹ್ನ ಗೇಟಿನ ಕಂಬ ಹಿಡಿದುಕೊಂಡು, ಬಸ್ಸಿನ ಧೂಳು ಇಳಿಯುತ್ತಿದ್ದ ತಿರುವನ್ನೇ ನೋಡುತ್ತಾ ನಿಂತ ಅತ್ತೆಯನ್ನು ನೋಡುತ್ತಾ, ಹೇಳಲು ಒಂದು ಸುಳ್ಳೂ ತೋಚದೆ ನಾನೂ ಅಲ್ಲೇ ನಿಂತಿದ್ದೆ.